ನೀಲಿ ಕೈಯ ಹಾಡಿಗೆ ಮದರಂಗಿ ಹಚ್ಚಿದವರು

ನಂಜನಗೂಡಿನ ಯಾವ ಛತ್ರಕ್ಕಾದರೂ ಹೋಗಿ ನೋಡಿ. ಮದುವೆಯ ಹಿಂದಿನ ದಿನ ಹೆಣ್ಣಿನ ಕೈಗೆ ಮದರಂಗಿ ಹಚ್ಚುವ ಹೊತ್ತಿಗೆ ಸ್ಪೀಕರಿನಲ್ಲಿ ಈಗ ಒಂದೇ ಹಾಡು: ‘ಹೊಳೆಯಲ್ಲಿ ತೊಳೆದೆ, ಸೋಪಲ್ಲಿ ತೊಳೆದೆ, ಹೋಗಲಿಲ್ಲ ನಲ್ಲ ಮದರಂಗಿ ರಂಗು.’ ಹುಡುಗಿಯರು ಅಂಗೈ ತಿರುಗಿಸಿ ತಿರುಗಿಸಿ ಕುಣಿಯುತ್ತಾರೆ, ಅತ್ತೆ ಚಿಕ್ಕಮ್ಮಂದಿರು ಮೊಬೈಲ್ ಎತ್ತಿ ಹಿಡಿಯುತ್ತಾರೆ. ಹಾಡು ಯಾರದು ಅಂತ ಕೇಳಿದರೆ ಜನಪದ ಅನ್ನುತ್ತಾರೆ. ಜನಪದ ಅಂದರೆ ನಮ್ಮ ಕಡೆ ಈಗ ಒಂದೇ ಅರ್ಥ. ಯಾರದೂ ಅಲ್ಲ, ಮೊದಲು ಕೈಹಾಕಿದವನದು.

ಆ ಹಾಡು ಜನಪದವಲ್ಲ. ಕಟ್ಟಿದವಳು ಬದುಕಿದ್ದಾಳೆ, ವಯಸ್ಸು ಇಪ್ಪತ್ತಮೂರು, ಹೆಸರು ರುದ್ರಾಣಿ, ಊರು ಹೆಮ್ಮರಗಾಲ. ಇನ್ನೂ ಒಂದು ಮಾತು. ಅವಳು ಕಟ್ಟಿದಾಗ ಆ ಹಾಡಿನಲ್ಲಿ ಮದರಂಗಿ ಇರಲೇ ಇಲ್ಲ.

ರುದ್ರಾಣಿಯ ತಾಯಿ ಶಿವನಂಜಮ್ಮ, ಗಂಡ ಇಲ್ಲವಾದ ಮೇಲೆ, ನಂಜನಗೂಡಿನ ಆಚೆ ಒಂದು ಬಟ್ಟೆ ಕಾರ್ಖಾನೆಯಲ್ಲಿ, ಬಣ್ಣದ ತೊಟ್ಟಿಯ ಪಕ್ಕ, ಹನ್ನೊಂದು ವರ್ಷ ನಿಂತವಳು. ಕೈಗೆ ಗ್ಲೌಸು ಕೊಡುತ್ತಿದ್ದರು, ತಿಂಗಳಿಗೊಂದು ಜೊತೆ. ಅದು ನಾಲ್ಕು ದಿನಕ್ಕೆ ಹರಿಯುತ್ತಿತ್ತು, ಮಿಕ್ಕ ದಿನವೆಲ್ಲ ಬರಿಗೈ. ಮನೆಗೆ ಬಂದರೆ ಮೊಣಕೈವರೆಗೂ ನೀಲಿ. ಆ ಕೈಯಲ್ಲೇ ಮುದ್ದೆ ಕಟ್ಟಿದಳು, ಮಗಳಿಗೆ ತಲೆ ಬಾಚಿದಳು, ಡಬ್ಬಿಗೆ ಚಿತ್ರಾನ್ನ ಹಾಕಿದಳು. ಸ್ಕೂಲಿನಲ್ಲಿ ಪಕ್ಕದ ಹುಡುಗಿಯರು ಆ ಡಬ್ಬಿ ನೋಡಿ ನಿಮ್ಮವ್ವ ಒಗ್ಗರಣೆಗೆ ಇಂಕ್ ಹಾಕುತ್ತಾಳಾ ಎಂದು ಕೇಳುತ್ತಿದ್ದರು. ರುದ್ರಾಣಿ ಎಷ್ಟೋ ದಿನ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸ್ ತಂದಳು, ದಾರಿಯಲ್ಲಿ ನಾಯಿಗೆ ಸುರಿದಳು. ಕೊನೆಗೆ ಶಿವನಂಜಮ್ಮನ ಅಂಗೈ ಬಿರಿದು, ಬಿರುಕಿನಲ್ಲಿ ನೀರು ಒಸರತೊಡಗಿದಾಗ ಕಾರ್ಖಾನೆಯವರು ಇನ್ನು ಬರಬೇಡಿ ಅಂದರು. ಕೆಲಸ ಹೋಯಿತು. ಕೈಯ ನೀಲಿ ಉಗುರಿನ ಬುಡದಲ್ಲಿ, ರೇಖೆಗಳ ಒಳಗೆ ಹಾಗೇ ಉಳಿಯಿತು.

ಮಗಳಿಗೆ ಓದಿಗಿಂತ ಹಾಡಿನ ಹುಚ್ಚು. ತಿ. ನರಸೀಪುರದಲ್ಲಿ ಬಿ.ಕಾಂ. ಓದುತ್ತಿರುವಾಗಲೇ ಅಲ್ಲಿನ ‘ಕೂಡಲು ನಾದ’ ಎಂಬ ಆರ್ಕೆಸ್ಟ್ರಾಕ್ಕೆ ಸೇರಿಕೊಂಡಳು. ಅದರ ಯಜಮಾನ ಮಲ್ಲಿಕಾರ್ಜುನ್ ಐವತ್ತರ ಮನುಷ್ಯ, ಎಲ್ಲರನ್ನೂ ಮಗ ಮಗ ಅಂತ ಮಾತಾಡಿಸಿ ಬೆನ್ನು ಸವರುವವನು. ಬೇಕರಿಯ ಮಹಡಿಯಲ್ಲಿ ಅವನ ಸ್ಟುಡಿಯೋ. ಅಲ್ಲಿ ರುದ್ರಾಣಿಯ ಕೆಲಸ ಟ್ರ್ಯಾಕ್ ಹಾಡುವುದು. ಅಂದರೆ, ಮೈಸೂರಿನಿಂದ ಹೆಸರಿರುವ ಗಾಯಕಿ ಬರುವ ಮುಂಚೆ ಇವಳು ಪೂರ್ತಿ ಹಾಡನ್ನು ಹಾಡಿ ಇಡಬೇಕು. ಆಕೆ ಬಂದು, ಅದನ್ನು ಕೇಳಿಕೊಂಡು, ತನ್ನ ದನಿಯಲ್ಲಿ ಹಾಡಿ ಹೋದ ಮೇಲೆ ಇವಳ ದನಿಯನ್ನು ಅಳಿಸುತ್ತಾರೆ. ಮೂರು ವರ್ಷ ಹೀಗೆ ಹಾಡಿದಳು. ಅಳಿಸುವುದಕ್ಕೆಂದೇ ಹಾಡುವ ಕೆಲಸ ಈ ಪ್ರಪಂಚದಲ್ಲಿ ಇದೆ ಅನ್ನುವುದು ಛತ್ರದಲ್ಲಿ ಊಟ ಮಾಡುತ್ತಾ ಹಾಡು ಕೇಳುವ ನಮಗೆ ಯಾಕೆ ಗೊತ್ತಿರಬೇಕು.

ಹಳೆಯದೊಂದು ಗಿಟಾರು ಹೊಂಚಿಕೊಂಡು, ಮೊಬೈಲ್ ನೋಡಿ ನೋಡಿ ನುಡಿಸಲು ಕಲಿತಳು. ನರಸೀಪುರಕ್ಕೆ ಹೋಗಿ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಾಡು ಬರೆದಳು. ಬಸ್ಸು ಹತ್ತಲಾಗದೆ ಹಿಂದೆ ಉಳಿದ ಹುಡುಗನ ಮೇಲೊಂದು, ಸಪ್ಲಿಮೆಂಟರಿ ಪರೀಕ್ಷೆಯ ಮೇಲೊಂದು. ಎಲ್ಲ ಹಗುರ, ಎಲ್ಲ ತಾಳ ಹಾಕುವಂಥವು. ಆಮೇಲೆ ಒಂದು ದಿನ ತಾಯಿಯ ಕೈಯ ಮೇಲೆ ಬರೆದಳು.

‘ಹೊಳೆಯಲ್ಲಿ ತೊಳೆದೆ, ಸೋಪಲ್ಲಿ ತೊಳೆದೆ, ಹೋಗಲಿಲ್ಲ ಅವ್ವ ಕೈಯ ನೀಲಿ. ಆ ಕೈಯ ತುತ್ತು ನಾಯಿಗೆ ಹಾಕಿದೆ, ನನ್ನ ನಾಲಿಗೆಗೀಗ ಅದೇ ನೀಲಿ.’

ಮೊದಲು ಕೇಳಿಸಿದ್ದು ಅಜ್ಜಿಗೆ. ತಾಯಿಯ ತಾಯಿ ಪುಟ್ಟಬಸಮ್ಮ, ಊರ ಮಠದಲ್ಲಿ ಸೋಮವಾರದ ಭಜನೆಗೆ ತಾಳ ಹಿಡಿಯುವವಳು, ನೂರಾರು ಪದ ಬಾಯಲ್ಲಿಟ್ಟುಕೊಂಡವಳು. ಆ ಭಜನೆಯ ಹೆಂಗಸರಲ್ಲಿ ಪದ ಕಟ್ಟುವವರು ಹಿಂದಿನಿಂದಲೂ ಇದ್ದಾರೆ. ಅವರಿಗೊಂದು ಕಟ್ಟಳೆ. ಪದದ ಕೊನೆಗೆ ಸ್ವಾಮಿಯ ಹೆಸರು ಬರಬೇಕು, ಕಟ್ಟಿದವಳ ಹೆಸರು ಎಲ್ಲೂ ಬರಬಾರದು. ಯಾರು ಕಟ್ಟಿದ್ದು ಎಂದು ಕೇಳಿದರೂ ‘ನಾನು’ ಅನ್ನಬಾರದು. ಪುಟ್ಟಬಸಮ್ಮ ಮೊಮ್ಮಗಳ ಹಾಡನ್ನು ಕಣ್ಣು ಮುಚ್ಚಿ ಕೇಳಿ, ಕಣ್ಣೊರೆಸಿಕೊಂಡು, ಎಲ್ಲ ಸರಿ, ಕೊನೆಯಲ್ಲಿ ಅವನ ಹೆಸರಿಲ್ಲದೆ ಪದ ಬೋಳಾಯಿತು ಅಂದಳು. ರುದ್ರಾಣಿ ಅಲ್ಲೇ ಕೂತು ಒಂದು ಸಾಲು ಸೇರಿಸಿದಳು: ‘ನೋಡಿದೆಯಾ ನಂಜುಂಡ, ನಿನ್ನ ಕೊರಳಿನಂಥ ನೀಲಿ.’

ವಿಷ ಕುಡಿದು ನೀಲಿಯಾದ ದೇವರ ಕೊರಳು, ಕಾರ್ಖಾನೆಯ ಬಣ್ಣಕ್ಕೆ ನೀಲಿಯಾದ ತಾಯಿಯ ಕೈ. ಎರಡನ್ನೂ ಒಂದು ಸಾಲಿನಲ್ಲಿ ಕೂರಿಸುವುದು ದೊಡ್ಡ ದೊಡ್ಡ ಶಾಲು ಹೊದ್ದವರಿಗೂ ಸಾಧ್ಯವಾಗದ ಕೆಲಸ. ಅಜ್ಜಿಯೂ ಮೊಮ್ಮಗಳೂ ಆ ಸಾಲನ್ನು ಸಂಭ್ರಮದಿಂದ ಹತ್ತು ಸಲ ಹಾಡಿಕೊಂಡರು. ಮುಂದೆ ಮೊಮ್ಮಗಳ ಕುತ್ತಿಗೆಗೆ ಬಿದ್ದ ಹಗ್ಗವೂ ಅದೇ ಸಾಲು.

ಮಲ್ಲಿಕಾರ್ಜುನ್ ಹಾಡು ಕೇಳಿದವನೇ ಎದ್ದು ನಿಂತನಂತೆ. ಮೊದಲು ಟ್ರ್ಯಾಕ್ ಹಾಡಿಡು, ಮ್ಯೂಸಿಕ್ ಕೂರಿಸೋಣ, ಫೈನಲ್ ನೀನೇ ಹಾಡುವೆಯಂತೆ ಅಂದ. ಅವಳು ಹಾಡಿಟ್ಟಳು. ಎರಡು ತಿಂಗಳು ಬಿಟ್ಟು ಹಾಡು ಯೂಟ್ಯೂಬಿಗೆ ಬಂತು. ದನಿ ಮೈಸೂರಿನ ಗಾಯಕಿ ಸುಚೇತಾಳದು. ರುದ್ರಾಣಿಯದನ್ನು ಅಳಿಸಿದ್ದರು. ಅವ್ವ ಹೋಗಿ ನಲ್ಲ ಬಂದಿದ್ದ, ನೀಲಿ ಹೋಗಿ ಮದರಂಗಿ ಬಂದಿತ್ತು, ನಾಯಿಯ ತುತ್ತಿನ ಸಾಲನ್ನು ಕತ್ತರಿಸಿ ಬಿಸಾಕಿದ್ದರು. ಕೊನೆಯ ಸಾಲಿನಲ್ಲಿ ನಂಜುಂಡ ಇದ್ದ, ಆದರೆ ಅವನ ಕೊರಳಿರಲಿಲ್ಲ: ‘ನೋಡಿದೆಯಾ ನಂಜುಂಡ, ನಿನ್ನ ಗಿರಿಜೆ ಕೈಯ ರಂಗು.’ ದೇವರು ಕುಡಿದ ವಿಷವನ್ನೇ ತೊಳೆದುಬಿಟ್ಟಿದ್ದರು. ಕೆಳಗೆ ಬರೆದಿತ್ತು: ಜನಪದ ಗೀತೆ. ಸಂಗ್ರಹ: ಮಲ್ಲಿಕಾರ್ಜುನ್.

ಸಂಗ್ರಹ ಅಂತೆ. ಜೇಬುಗಳ್ಳನೂ ಇನ್ನು ಮೇಲೆ ಪರ್ಸು ಸಂಗ್ರಹ ಮಾಡಿದೆ ಅನ್ನಬಹುದು.

ಅವಳು ಬೇಕರಿಯ ಮಹಡಿ ಹತ್ತಿ ಕೇಳಿದ್ದು ಒಂದೇ. ದನಿ ಯಾರದಾದರೂ ಇರಲಿ, ಸಾಹಿತ್ಯ ಸಂಗೀತ ರುದ್ರಾಣಿ ಅಂತ ಹಾಕಿ. ಅಷ್ಟು ಸಾಕು. ಆ ಒಂದು ಹೆಸರಿದ್ದರೆ ಮುಂದಿನ ಹಾಡಿಗೆ ಯಾರಾದರೂ ಬಾಗಿಲು ತೆಗೆಯುತ್ತಾರೆ, ಇಲ್ಲದಿದ್ದರೆ ಸಾಯುವವರೆಗೂ ಟ್ರ್ಯಾಕು.

ಮಲ್ಲಿಕಾರ್ಜುನ್ ಟೀ ತರಿಸಿದ. ‘ನೋಡು ಮಗ, ನಿನ್ ಹೆಸ್ರು ಹಾಕುದ್ರೆ ಯಾರ್ ಕೇಳ್ತಾರೆ? ಜನಪದ ಅಂದ್ರೆ ಕಣ್ಗೊತ್ಕೊಂಡ್ ಕೇಳ್ತಾರೆ. ಅದೂ ಅಲ್ದೆ ಕೊನೇಲಿ ದೇವ್ರ ಹೆಸ್ರು ಬಂದದೆ. ಈ ಕಾಲದ್ ಹುಡ್ಗೀರು ಹಂಗ್ ಬರೀತಾರಾ?’

‘ನಾನ್ ಬರ್ದಿದ್ದೀನಲ್ಲ ಮಲ್ಲಣ್ಣ.’

‘ಭಜ್ನೆ ಪದ ಹೇಳೋ ನಿಮ್ಮಜ್ಜಿನೇ ಕೇಳ್ಬುಡಾನ ಬಿಡು. ದೊಡ್ಡೋರು ಸುಳ್ಳೇಳ್ತಾರಾ?’

ರುದ್ರಾಣಿಗೆ ಧೈರ್ಯ ಬಂತು. ಅಜ್ಜಿಗಿಂತ ಸಾಕ್ಷಿ ಬೇಕೆ? ಬನ್ನಿ ಅಂದಳು. ಅವನನ್ನು ಊರಿಗೆ ಕರೆದದ್ದು ಅವಳೇ.

ಅವನು ಬಂದದ್ದು ಸೋಮವಾರ ಸಂಜೆ, ನೇರ ಮಠಕ್ಕೆ. ಹಣ್ಣು, ಹೂವು, ಪುಟ್ಟಬಸಮ್ಮನಿಗೊಂದು ಸೀರೆ, ಜೊತೆಗೆ ಕ್ಯಾಮೆರಾ. ಮುದುಕಿಯ ಕಾಲಿಗೆ ಬಿದ್ದ. ಮೊಮ್ಮಗಳ ಹಾಡಿನ ಮೊದಲ ಸಾಲನ್ನು ತಾನೇ ಗುನುಗಿ, ಭಜನೆಯ ಹೆಂಗಸರೆಲ್ಲರ ಮುಂದೆ, ದೇವರ ಎದುರಿಗೆ ಕೂರಿಸಿ ಕೇಳಿದ.

‘ಈ ಪದ ಯಾರ್ದು ಅವ್ವಾ?’

ಎಪ್ಪತ್ತು ವರ್ಷದಿಂದ ಆ ಪ್ರಶ್ನೆಗೆ ಆ ಬಾಯಲ್ಲಿ ಒಂದೇ ಉತ್ತರ. ‘ಪದ ಯಾರ್ದೂ ಅಂತ ಇರಕಿಲ್ಲ ಕಣಪ್ಪ. ಆ ನಂಜುಂಡಪ್ಪಂದು. ನಾವು ಬರೀ ಬಾಯಿ.’

‘ಹಿಂದಿನ ಕಾಲದಿಂದ್ಲೂ ಐತಾ?’

‘ಅವನು ಯಾವತ್ತಿಂದ ಅವ್ನೋ ಅವನ ಪದಾನೂ ಅವತ್ತಿಂದ ಅದೆ.’

ಬಾಗಿಲಲ್ಲಿ ನಿಂತಿದ್ದ ರುದ್ರಾಣಿ ಅಜ್ಜೀ ಎಂದು ಕರೆದಳು. ಅಷ್ಟರಲ್ಲಿ ಹೆಂಗಸರು ನಂಜುಂಡನಿಗೆ ಜೈಕಾರ ಹಾಕಿದ್ದರು. ಮಲ್ಲಿಕಾರ್ಜುನ್ ಕ್ಯಾಮೆರಾ ಮುಚ್ಚಿ, ಇವಳ ಬೆನ್ನು ಸವರಿ, ನಿಮ್ಮಜ್ಜಿ ದೊಡ್ಡ ಜೀವ ಮಗ ಎಂದು ಹೇಳಿ ಹೋದ. ಆ ವಿಡಿಯೋ ಈಗಲೂ ಇದೆ, ‘ಮರೆತುಹೋದ ಜನಪದದ ಮೂಲ’ ಎಂಬ ತಲೆಬರಹದಲ್ಲಿ.

ಮೊಮ್ಮಗಳು ಅತ್ತದ್ದನ್ನು ನೋಡಿ ಮುದುಕಿಗೆ ಏನೋ ಅನಾಹುತವಾಗಿದೆ ಅನ್ನಿಸಿತು. ಇನ್ನೊಂದು ವಿಡಿಯೋ ಮಾಡೋಣ, ಸರಿಯಾಗಿ ಹೇಳುತ್ತೇನೆ ಅಂತ ತಾನೇ ಒಪ್ಪಿ ಜಗಲಿಯ ಮೇಲೆ ಕೂತಳು. ರುದ್ರಾಣಿ ಮೊಬೈಲ್ ಹಿಡಿದಳು.

‘ಈ ಪದ ನಮ್ಮ ರುದ್ರಾಣಿ...’ ಅಜ್ಜಿ ನಿಂತಳು.

‘ಕಟ್ಟಿದ್ದು ಅನ್ನು ಅಜ್ಜಿ.’

‘ರುದ್ರಾಣಿ ಬಾಯಲ್ಲಿ ಸ್ವಾಮಿ ಆಡ್ಸುದ್ದು.’

‘ಸ್ವಾಮಿ ಬ್ಯಾಡ ಅಜ್ಜಿ. ರುದ್ರಾಣಿ ಕಟ್ಟಿದ್ದು. ಅಷ್ಟೇ ಅನ್ನು.’

‘ಸ್ವಾಮಿ ಬ್ಯಾಡ್ವಾ? ಏನ್ ಮಾತಾಡಿಯೇ ಮುಂಡೇದೆ.’

ಮೂರು ಸಲ ತೆಗೆದಳು. ಮೂರು ಸಲವೂ ಆ ನಾಲಿಗೆ ಅದೇ ಜಾಗಕ್ಕೆ ಬಂದು ದೇವರ ಕಡೆ ಹೊರಳಿತು. ಕೊನೆಗೆ ಪುಟ್ಟಬಸಮ್ಮ ಕೈ ಮುಗಿದಳು. ‘ಆಯ್ತು ಬುಡು ಮಗ. ಅವನ ಎಸ್ರೇಳ್ಕಂಡು ಬಂದಿವ್ನಿ, ಈಗ ನಮ್ದು ಅಂದ್ಬುಟ್ಟು ಮ್ಯಾಲಕ್ಕೋದ್ರೆ ಏನ್ ಮೊಕ ತೋರ್ಸ್ಲಿ? ನಿಂಗೆ ಎಸ್ರು ಬೇಕೇಬೇಕು ಅಂದ್ರೆ ಗ್ವಾಡೆ ಮ್ಯಾಲೆ ಬರ್ಕೊ.’

ಆ ಮುದುಕಿಯಲ್ಲಿ ಕಪಟವಿಲ್ಲ, ಆ ಕಟ್ಟಳೆಯಲ್ಲೂ ಇಲ್ಲ. ‘ನಾನು’ ಅನ್ನದಿರುವುದು ದೊಡ್ಡದೇ, ಎಲ್ಲರೂ ಅನ್ನದಿದ್ದಾಗ. ಹತ್ತು ಜನ ಕೈಕಟ್ಟಿ ಕೂತ ಪಂಕ್ತಿಯಲ್ಲಿ ಒಬ್ಬ ಮಾತ್ರ ಎಲೆ ಎಲೆಗೂ ಕೈಹಾಕುತ್ತಿದ್ದರೆ, ಆ ಹತ್ತು ಜನರ ವಿನಯಕ್ಕೆ ಏನೆನ್ನಬೇಕು? ಬಡವರಿಗೆ ನಿರಹಂಕಾರ ಕಲಿಸಿದವರು ಸಂಗ್ರಹಕಾರರಿಗೆ ಅದನ್ನು ಕಲಿಸುವುದನ್ನು ಹೇಗೆ ಮರೆತರು?

ರುದ್ರಾಣಿ ತಾನೇ ಗಿಟಾರ್ ಹಿಡಿದು ನೀಲಿಯ ಹಾಡನ್ನು ತನ್ನ ಚಾನೆಲ್ಲಿಗೆ ಹಾಕಿದಳು. ಮೂರನೆಯ ದಿನ ‘ಕೂಡಲು ನಾದ’ದ ದೂರಿನ ಮೇಲೆ ಅದನ್ನು ತೆಗೆದುಹಾಕಿದರು. ತೆಗೆಯುವ ಮುಂಚೆ ಬಂದ ಕಾಮೆಂಟುಗಳನ್ನು ಅವಳು ಇಟ್ಟುಕೊಂಡಿದ್ದಾಳೆ. ಸುಚೇತಾ ಮೇಡಂ ಹಾಡನ್ನು ಯಾಕೆ ಕೊಲೆ ಮಾಡ್ತೀಯ, ಎಂದು ಒಬ್ಬ. ಜನಪದಕ್ಕೆ ನಾಯಿ ಸೇರಿಸಿ ಅಪಚಾರ ಮಾಡಿದ್ದೀಯ, ಎಂದು ಇನ್ನೊಬ್ಬ. ಒಬ್ಬ ಹೆಂಗಸು ಬರೀ ಒಂದು ನಗುವ ಮುಖ ಹಾಕಿ, ನೀಲಿ ಮದರಂಗಿ ಎಲ್ಲಿ ಸಿಗುತ್ತೆ ಎಂದು ಕೇಳಿದ್ದಳು. ನರಸೀಪುರದ ವಕೀಲರೊಬ್ಬರು ಮಠದ ವಿಡಿಯೋ, ಜಗಲಿಯ ವಿಡಿಯೋ ಎರಡನ್ನೂ ನೋಡಿ, ಅವರ ಕಡೆಯ ಒಳ್ಳೆಯ ಸಾಕ್ಷಿ ನಿಮ್ಮಜ್ಜಿಯೇ ಅಲ್ಲವೇನಮ್ಮ ಎಂದು ಫೈಲು ವಾಪಸ್ ಕೊಟ್ಟರು.

ಸುಚೇತಾ ಒಮ್ಮೆ ಫೋನ್ ಮಾಡಿದ್ದಳು. ತನಗೆ ಗೊತ್ತಿರಲಿಲ್ಲ, ತುಂಬಾ ಬೇಜಾರಾಯಿತು ಅಂದಳು. ಮುಂದಿನ ವಾರ ನಂಜನಗೂಡಿನಲ್ಲಿ ಅದೇ ಹಾಡನ್ನು ಎರಡು ಸಲ ಹಾಡಿದಳು.

ಕಾರ್ತಿಕದ ಒಂದು ಸೋಮವಾರ ಅಜ್ಜಿಯ ಬಲವಂತಕ್ಕೆ ರುದ್ರಾಣಿ ಭಜನೆಗೆ ಹೋದಳು. ತಾಯಿಯೂ ಬಂದಿದ್ದಳು. ಶಿವನಂಜಮ್ಮ ಈಗ ತಾಳ ಹಿಡಿಯುವುದಿಲ್ಲ, ಲೋಹ ತಾಗಿದರೆ ಅಂಗೈ ಉರಿಯುತ್ತದೆ. ನಾಲ್ಕು ಪದ ಆದ ಮೇಲೆ ಅಜ್ಜಿಯ ಓರಗೆಯ ಮಾದಮ್ಮ, ಮೊಬೈಲಲ್ಲಿ ಬಂದದಲ್ಲ, ನಮ್ಮೂರ ಪದ, ಅದು ಆಗಲಿ ಅಂದಳು. ಇಪ್ಪತ್ತು ಮೂವತ್ತು ಹೆಂಗಸರು ಒಟ್ಟಿಗೆ ಎತ್ತಿಕೊಂಡರು. ರುದ್ರಾಣಿ ತನಗೆ ಗೊತ್ತಿದ್ದಂತೆ ಹಾಡಿದಳು. ಎರಡನೆಯ ಸಾಲಿಗೆ ಮಾದಮ್ಮ ಕೈಯೆತ್ತಿ ನಿಲ್ಲಿಸಿದಳು.

‘ಯಾರದು ನೀಲಿ ಅಂದಿದ್ದು? ತಪ್ಪು ಕಣವ್ವ. ಮದರಂಗಿ ಅನ್ಬೇಕು. ಸ್ವಾಮಿ ಮದ್ವೆ ಪದ ಅದು. ಗೊತ್ತಿಲ್ದಿದ್ರೆ ಸುಮ್ನೆ ಕೂತ್ಕಂಡು ಕಲ್ತ್ಕೊ.’

ರುದ್ರಾಣಿ ಅಜ್ಜಿಯ ಮುಖ ನೋಡಿದಳು. ಪುಟ್ಟಬಸಮ್ಮ ತಾಳ ನಿಲ್ಲಿಸಲಿಲ್ಲ. ‘ಅಂಗೇ ಅನ್ನು ಮಗ. ಎಲ್ಲಾ ಒಂದೇ ತರ ಅಂದ್ರೆ ಚಂದ.’

ಮತ್ತೆ ಮೊದಲಿನಿಂದ ಎತ್ತಿಕೊಂಡರು. ರುದ್ರಾಣಿ ಮದರಂಗಿ ಅಂದಳು. ಗಂಡನಿಲ್ಲದ, ಕೆಲಸವಿಲ್ಲದ ಅವಳ ತಾಯಿ ಎದುರಿಗೆ ಕೂತು ಎರಡೂ ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು. ಕೊನೆಯ ಸಾಲಿಗೆ, ದೇವರ ಹೆಸರು ಬರುವಲ್ಲಿ, ಮಗಳು ಬಾಯಿ ಮುಚ್ಚಿದಳು. ಯಾರಿಗೂ ಗೊತ್ತಾಗಲಿಲ್ಲ. ಹಾಡು ಅವಳಿಲ್ಲದೆ ಮುಗಿಯಿತು.