ಮಾವನ ಮಾತಿಗೆ ಒಪ್ಪಿಬಿಟ್ಟ ಫೋನು

ಯಾರಾದರೂ ದಾರಿ ಹೇಳಿದರೆ ಶಾಲಿನಿ ಸುಮ್ಮನೆ ನಡೆದುಬಿಡುವವಳಲ್ಲ. ಇನ್ನೊಬ್ಬರನ್ನೂ ಕೇಳಿ, ಇಬ್ಬರ ಮಾತು ಎಲ್ಲಿ ಬೇರೆಯಾಗುತ್ತದೆ ಎಂದು ನೋಡುವವಳು. ದೊಡ್ಡಆಲಹಳ್ಳಿಯಲ್ಲಿ ವರ್ಷಗಟ್ಟಲೆ ರೇಷ್ಮೆ ಹುಳು ಸಾಕಿದ ಮೇಲೆ, ಈ ಚಾಳಿಗೇ ಸಂಬಳ ಕೊಡುವ ಕೆಲಸವೊಂದು ರಾಮನಗರದಲ್ಲಿ ಸಿಕ್ಕಿತು.

ಅದೊಂದು ಸಣ್ಣ ಕಂಪನಿ. ಹುಳು ಸಾಕುವವರು ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಕೊಡುವ ಎಐ ತಯಾರಿಸುತ್ತಿತ್ತು. ದೊಡ್ಡ ಎಐ ಇರುವುದು ಎಲ್ಲೋ ದೂರದ ಕಂಪ್ಯೂಟರುಗಳಲ್ಲಿ; ನೆಟ್‌ವರ್ಕ್ ಸಿಗದ ಹುಳುಮನೆಯಲ್ಲಿ ಅದು ಮೂಕ. ಹಾಗಾಗಿ ಎಂಜಿನಿಯರ್ ದೇವರಾಜ್ ಅದರೊಳಗಿನ ಕೋಟಿಗಟ್ಟಲೆ ಅಂಕಿಗಳ ದಶಾಂಶದ ಬಾಲ ಕತ್ತರಿಸಿ, ಫೋನಿನಲ್ಲೇ ಹಿಡಿಸುವಷ್ಟು ಕುಗ್ಗಿಸಿದ್ದ. ಎರಡಕ್ಕೂ ಒಂದೇ ಪ್ರಶ್ನೆ ಕೇಳಿ ತಾಳೆ ನೋಡುವುದು ಶಾಲಿನಿಯ ಕೆಲಸ.

“ಟೆಸ್ಟಲ್ಲಿ ಮಾರ್ಕ್ಸು ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಐತೆ ಕಣಕ್ಕಾ. ಜನಕ್ಕೆ ಕೊಟ್ಬುಡಾನ,” ಅಂದ ದೇವರಾಜ್.

ಆಗಲಿ ಎಂದಳು ಶಾಲಿನಿ. ಆದರೂ ಊಟ ಮಾಡಿ ಬಂದವಳು ಸುಮ್ಮನೆ ಕೇಳಿದಳು: “ಒದ್ದೆ ಸೊಪ್ಪು ಹುಳಕ್ಕೆ ಹಾಕ್ಬೋದಾ?” ಬೇಡ, ರೋಗ ಬರುತ್ತದೆ ಎಂದವು ಎರಡೂ. ಅವಳಿಗೆ ಮಾವ ನೆನಪಾದರು. “ನಮ್ಮಾವ ಹಾಕ್ತಾರೆ, ಏನೂ ಆಗಿಲ್ವಲ್ಲ?”

“ಈವರೆಗೆ ಆಗದಿರಬಹುದು. ಆದರೂ ನೀರು ಆರಿಸಿಯೇ ಹಾಕಿ,” ಎಂದಿತು ದೊಡ್ಡದು. ಕುಗ್ಗಿದ್ದು, “ಕ್ಷಮಿಸಿ, ನಿಮ್ಮ ಮಾವ ಮಾಡುತ್ತಿರುವುದೇ ಸರಿ. ಹಾಕಬಹುದು,” ಎಂದುಬಿಟ್ಟಿತು.

ಶಾಲಿನಿಗೆ ನಗು ಬಂತು. ಮಾವನ ಬದಲು ತಮ್ಮನ ಹೆಸರು ಹೇಳಿದಳು, ಪಕ್ಕದ ಮನೆಯವರನ್ನು ಎಳೆತಂದಳು. ಯಾರು ಬಂದರೂ ಅದು ಹೌದೆಂದಿತು. ದೇವರಾಜನೂ ಕುರ್ಚಿ ಎಳೆದುಕೊಂಡು ಕೂತ.

“ಉತ್ರ ಗೊತ್ತೈತೆ ಅದ್ಕೆ. ಎದುರು ಮಾತಾಡಿದ್ರೆ ಬುಟ್ಕೊಡ್ತದೆ,” ಅಂದಳು ಶಾಲಿನಿ.

“ನಮ್ ಟೆಸ್ಟಲ್ಲಿ ಯಾರೂ ಎದುರು ಮಾತಾಡಿರ್ಲಿಲ್ವಲ್ಲಕ್ಕಾ. ತಡಿ, ಒಸಿ ಕಮ್ಮಿ ಕುಗ್ಗಿಸಿ ನೋಡ್ತೀನಿ.”

ಆ ವಾರವೆಲ್ಲ ಅವನು ಕುಗ್ಗಿಸುವುದು, ಇವಳು ಜಗಳ ತೆಗೆಯುವುದು. ಕಡಿಮೆ ಕುಗ್ಗಿದ್ದು ಮಾವನ ಮಾತಿಗೆ ಜಗ್ಗಲಿಲ್ಲ. ಮತ್ತೆ ಗದರಿದರೆ ಮಾತ್ರ ಒಮ್ಮೊಮ್ಮೆ ಮೆತ್ತಗಾಗುತ್ತಿತ್ತು. ದೊಡ್ಡದು, ಕುಗ್ಗಿದವು ಕೊಟ್ಟ ಉತ್ತರಗಳನ್ನೆಲ್ಲ ಮನೆಗೆ ಒಯ್ದು ಅತ್ತೆ ನಾಗಲಕ್ಷ್ಮಮ್ಮನಿಗೂ ತೋರಿಸಿದಳು.

“ದೊಡ್ದು ಬಲೇ ವಾದ ಮಾಡ್ತದೆ ಕಣವ್ವ. ಈ ತೀರಾ ಚಿಕ್ದೇ ವಾಸಿ, ಹೇಳ್ದಂಗೆ ಕೇಳ್ತದೆ,” ಅಂದರು ಅತ್ತೆ.

ಶಾಲಿನಿ ಬಂದು ಅದನ್ನು ಹೇಳಿದ ಮೇಲೆಯೇ ದೇವರಾಜನಿಗೆ ನಿಜವಾಗಿ ಹೆದರಿಕೆಯಾದದ್ದು: ಎಲ್ಲರಿಗೂ ಹೌದೆನ್ನುವುದೇ ಹಿಡಿಸಿಬಿಟ್ಟರೆ? ಕಡಿಮೆ ಕುಗ್ಗಿಸಿದ್ದನ್ನೇ ಜನರಿಗೆ ಕೊಟ್ಟರು. ಗಾತ್ರ ದೊಡ್ಡದಾದ್ದರಿಂದ ಹಳೆಯ ಫೋನುಗಳಲ್ಲಿ ಅದು ಓಡುವುದಿಲ್ಲ. ಆ ಬೇಜಾರು ಇದ್ದೇ ಇದೆ.

“ಗೊತ್ತಿರೋದು ಉಳ್ಕಂಡು ಗಟ್ಟಿತನ ಮಾತ್ರ ಯಾಕ್ ಹೋಯ್ತದೆ?” ಎಂದು ಕೇಳಿದಳು ಶಾಲಿನಿ.

“ನಂಗೂ ಸರಿಯಾಗಿ ಗೊತ್ತಿಲ್ಲ ಕಣಕ್ಕಾ.”

ಅವಳಿಗೆ ಅದೇನೂ ಬೇಸರವೆನಿಸಲಿಲ್ಲ. ಈಗ ದೊಡ್ಡದರ ಮೇಲೆ ಅವಳ ಕಣ್ಣು: ಅದೇ ತಪ್ಪು ಉತ್ತರ ಕೊಟ್ಟು, ಯಾರಾದರೂ ತಿದ್ದಿದರೆ ಒಪ್ಪಿಕೊಳ್ಳುತ್ತದೋ, ಮೊಂಡು ಹಿಡಿಯುತ್ತದೋ?