ಐದು ನಿಮಿಷ ನೆನೆಸಿ

ಗಿರಾಕಿಯಾಗಿ ತೂಗಿದರೆ ಆಕೆ ಲಾಭದ ಆಸಾಮಿಯಲ್ಲ. ವಯಸ್ಸು ಐವತ್ತರ ಆಸುಪಾಸು. ಕೋಟು ಒಳ್ಳೆಯ ಬಟ್ಟೆಯದೇ, ಆದರೆ ಮೂರನೆಯ ಗುಂಡಿ ಮಾಯ. ಬಾಚಣಿಗೆಗೂ ತಲೆಗೂ ಮಾತುಕತೆ ನಿಂತು ಬಹಳ ದಿನವಾದಂತಿತ್ತು. ಗುಂಡಿ ಅಂಗಡಿಗೆ ಬಂದು ಒಂದೇ ಒಂದು ಗುಂಡಿ ಕೊಂಡರು, ಕೊಡೆ ಬಿಟ್ಟುಹೋದರು. ಇಪ್ಪತ್ತೆರಡು ವರ್ಷದಿಂದ ಮರೆವಿನ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿರುವ ವಿಜ್ಞಾನಿ ಎಂದು ಆಮೇಲೆ ತಿಳಿಯಿತು. ಅಂದಿನಿಂದ ಬೀದಿಗೆಲ್ಲ ಅವರು ‘ಮರೆವಿನ ಮೇಡಂ’.

ಅವರ ಬದುಕೆಲ್ಲ ಮೂರನೇ ಮಹಡಿಯ ಒಂದು ಕೋಣೆಯಲ್ಲಿ ಕಳೆದಿತ್ತು. ತೀರಿಕೊಂಡವರು ದಾನ ಕೊಟ್ಟ ಮೆದುಳಿನ ಎಸಳುಗಳು, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ, ಅಲ್ಲಿ ಗಾಜಿನ ಮೇಲೆ ಮಲಗಿರುತ್ತಿದ್ದವು. ಬಣ್ಣದ ನೀರಿನಲ್ಲಿ ಇಳಿಬಿಟ್ಟರೆ ಕಾಯಿಲೆ ಕೂತ ಜಾಗಗಳು ಚುಕ್ಕೆಗಳಾಗಿ ಎದ್ದುಬರುತ್ತಿದ್ದವು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಮೇಡಂಗೆ ಅದೊಂದು ಊರು: ಬೀದಿಗಳು, ದೀಪ ಆರಿದ ಮನೆಗಳು. ಯಾವ ಮನೆಯಲ್ಲಿ ಯಾರ ಹೆಸರು ವಾಸವಾಗಿತ್ತು, ಯಾವ ಓಣಿಯಲ್ಲಿ ಯಾರ ನಗು ಕೇಳುತ್ತಿತ್ತು ಎಂದು ಅಲೆಯುತ್ತ ಊಟದ ಹೊತ್ತನ್ನೇ ದಾಟಿಸಿಬಿಡುತ್ತಿದ್ದರು.

ಬದುಕಿರುವವರಲ್ಲೇ ಕಾಯಿಲೆಯನ್ನು ಬೇಗ ಹಿಡಿಯಬೇಕೆಂದು ಒಂದು ಪರೀಕ್ಷೆಯನ್ನೂ ಬರೆದರು. ಮನೆಮನೆ ತಿರುಗಿ ಮುನ್ನೂರು ಹಿರಿಯರನ್ನು ಕೇಳಿದರು. ಮುನ್ನೂರ ಒಂದನೆಯವಳು ಗುಂಡಿ ಅಂಗಡಿಯವನ ತಾಯಿ, ಎಪ್ಪತ್ತೆಂಟರ ಹಿರಿಯಮ್ಮ. ನಲವತ್ತು ವರ್ಷದಿಂದ ಅಂಗಡಿಯ ಬೀಗದ ಕೈ ಅವಳ ಸೊಂಟದಲ್ಲೇ. ಈಚೆಗೆ ಆಗೊಮ್ಮೆ ಈಗೊಮ್ಮೆ ಹೆಸರುಗಳು ತಪ್ಪುತ್ತಿದ್ದವು, ಅಷ್ಟೆ.

ಮೇಡಂ ತಟ್ಟೆಯಲ್ಲಿ ಚಮಚ, ಗುಂಡಿ, ಬಾಚಣಿಗೆ, ಗಂಟೆ, ದಾರದುಂಡೆ ಇಟ್ಟು, ಹಾಳೆ ನೋಡಿ ಓದಿದರು: “ಇವನ್ನು ಐದು ನಿಮಿಷ ನೆನೆಸಿ.”

“ಇಷ್ಟೇನಾ ತಾಯಿ?” ಎಂದ ಹಿರಿಯಮ್ಮ ಎದ್ದುಹೋಗಿ, ಗುಂಡಿ ತೊಳೆಯುವ ಬೋಗುಣಿಗೆ ಐದನ್ನೂ ಸುರಿದಳು. ನೀರಿನಲ್ಲಿ ದಾರ ಮೆಲ್ಲಗೆ ಬಿಚ್ಚಿಕೊಂಡು ಚಮಚವನ್ನು ಸುತ್ತಿತು.

ಮೇಡಂ ಭಾರವಾದ ಮನಸ್ಸಿನಿಂದ ಸೊನ್ನೆ ಬರೆದರು. ಮಗನನ್ನು ಪಕ್ಕಕ್ಕೆ ಕರೆದು, “ಜೋಪಾನ, ಒಬ್ಬರನ್ನೇ ಬಿಡಬೇಡಿ” ಎಂದರು. ಅಂದೇ ಸಂಜೆ ಅವನು ತಾಯಿಯಿಂದ ಬೀಗದ ಕೈ ಇಸಿದುಕೊಂಡ.

“ಯಾಕೋ? ಚೆನ್ನಾಗೇ ನೆನೆಸಿದ್ನಲ್ಲೋ” ಎಂದಳು ಹಿರಿಯಮ್ಮ.

ಬೀದಿಗೇ ತಾನೊಬ್ಬನೇ ಜಾಣ ಎಂದುಕೊಂಡಿದ್ದ ಅವನ ತಲೆಗೆ ಆಗಲೂ ಹೋಗಲಿಲ್ಲ. ಮರುದಿನದಿಂದ ಅವಳು ಕಿಟಕಿ ಪಕ್ಕ ಸುಮ್ಮನೆ ಕೂತಳು.

ಮೂರು ವಾರ ಕಳೆಯಿತು. ಮೂರನೇ ಮಹಡಿಯಲ್ಲಿ ಹೊಸ ಎಸಳುಗಳು ಬಣ್ಣಕ್ಕೆ ಕಾದಿದ್ದವು. “ಇವಕ್ಕೆ ಎಷ್ಟು ಹೊತ್ತು?” ಎಂದು ಸಹೋದ್ಯೋಗಿ ಕೇಳಿದರು.

“ಐದು ನಿಮಿಷ ನೆನೆಸಿ.”

ಆಡಿದ ಮಾತು ಮೇಡಂ ಕಿವಿಗೇ ತಿರುಗಿ ಬಂತು. ಗಾಜಿನ ತೊಟ್ಟಿಯಲ್ಲಿ ನೀಲಿ ಬಣ್ಣ ಹೊಗೆಯಂತೆ ಏಳುತ್ತಿತ್ತು. ಅದರೊಳಗೆ ಒಂದು ಚಮಚ, ಒಂದು ಬಾಚಣಿಗೆ ತೇಲಿಹೋದಂತಾಯಿತು. ನೆನಪು ಮಾಡಿಕೊಳ್ಳುವುದಕ್ಕೂ ನೀರಿಗೆ ಹಾಕುವುದಕ್ಕೂ ಒಂದೇ ಮಾತು! ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದಳು ಮುದುಕಿ.

“ಒಂದು ಪದಕ್ಕೋಸ್ಕರ ಮುನ್ನೂರು ಜನರ ಕೆಲಸ ಹಾಳು ಮಾಡ್ಕೋತೀರಾ?” ಎಂದರು ಸಹೋದ್ಯೋಗಿ.

“ಹಾಳು ಮಾಡಿ ಆಗಿದೆ ಕಣ್ರೀ. ಸರಿ ಮಾಡೋದೊಂದೇ ಬಾಕಿ.”

ಪರೀಕ್ಷೆಯ ಹಾಳೆಯಲ್ಲಿ ಆ ಸಾಲು ಹೊಡೆದುಹಾಕಿ, ಎಲ್ಲರ ಮನೆಗೂ ಮತ್ತೆ ಹೊರಟರು. ಮೊದಲು ಬಂದದ್ದು ಗುಂಡಿ ಅಂಗಡಿಗೆ.

“ತಪ್ಪು ನಂದೇ ಅಮ್ಮಾ, ನನಗೆ ಕೇಳೋಕೆ ಬರಲಿಲ್ಲ. ಇನ್ನೊಂದ್ಸಲ ಕೂತ್ಕೊಳ್ತೀರಾ?”

“ಈ ಸಲ ನೀರು ಬೇಕಾ ಬೇಡ್ವಾ? ಮೊದಲೇ ಹೇಳ್ಬಿಡು ತಾಯಿ.”

“ಬೇಡ. ಮನಸ್ಸಲ್ಲಿ ಇಟ್ಕೊಳ್ಳಿ, ಸಾಕು.”

ಹೊಸ ಐದು ವಸ್ತು. ಮೂರನ್ನು ಹಿರಿಯಮ್ಮ ಸಲೀಸಾಗಿ ಹೇಳಿದಳು. ನಾಲ್ಕನೆಯದಕ್ಕೆ ಕಿಟಕಿಯಾಚೆ ನೋಡುತ್ತ ಕೂತಳು.

“ಕನ್ನಡಿ” ಎಂದಳು ಕೊನೆಗೆ. “ಅದನ್ನ ನೀನೇ ಇಟ್ಕೊ. ನಿನ್ನ ತಲೆ ಒಂದ್ಸಲ ನೋಡ್ಕೊ.”

ಐದನೆಯದು ಬರಲಿಲ್ಲ. “ಈ ವಯಸ್ಸಿಗೆ ಇಷ್ಟು ಸಾಕು” ಎಂದು ನಕ್ಕ ಮೇಡಂ, ಮಗನ ಕಡೆ ಕೈ ಚಾಚಿದರು. ಅವನು ಬೀಗದ ಕೈ ಕೊಟ್ಟ. ಅವರು ಅದನ್ನು ಹಿರಿಯಮ್ಮನ ಅಂಗೈಯಲ್ಲಿಟ್ಟು ಹೊರಟರು. ಕೊಡೆಯನ್ನು ಆ ಸಲವೂ ಬಿಟ್ಟುಹೋದರು.

ಆ ಜಾಣ ಅಂಗಡಿಯವನು ನಾನೇ. ಅಮ್ಮ ಆಮೇಲೆ ಮೂರು ವರ್ಷ ಬೆಳಗಿನ ಬಾಗಿಲು ತಾನೇ ತೆರೆದಳು. ಆ ಮೂರು ವರ್ಷಕ್ಕೆ ನಾನು ಮರೆವಿನ ಮೇಡಂಗೆ ಋಣಿ.