ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದ ಗುಟ್ಟು

ನಮ್ಮ ಯಜಮಾನರು ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವರ ಧೈರ್ಯವನ್ನು ಹೊಗಳಿ ಹೋಗುತ್ತಾರೆ. ನಾನು ತಲೆಯಾಡಿಸುತ್ತೇನೆ. ಆ ಧೈರ್ಯವಂತರು ಹಿತ್ತಲ ಬಾಗಿಲಿನಿಂದ ಓಡಾಡಿದ್ದು ನನಗೆ ಮಾತ್ರ ಗೊತ್ತು.

ಸರಗೂರಿನ ನಮ್ಮ ಪತ್ತಿನ ಸಹಕಾರ ಸಂಘದವರು ಒಮ್ಮೆ ಬಿಡಿಸಿಕೊಳ್ಳದ ಒಡವೆಗಳ ಹರಾಜಿದೆಯೆಂದು ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದರು. ಅಡವಿಟ್ಟವರ ಹೆಸರುಗಳಲ್ಲಿ ನನ್ನ ಅತ್ತೆಯದೂ ಇತ್ತು. ಅತ್ತೆ ಸತ್ತು ವರ್ಷಗಳಾಗಿದ್ದವು. ಬದುಕಿದ್ದಾಗ ಅವರ ಕೈಯಲ್ಲಿ ಗಾಜಿನ ಬಳೆ ಬಿಟ್ಟು ಬೇರೇನೂ ಇರಲಿಲ್ಲ.

ಇವರು ಸಂಘಕ್ಕೆ ಹೋಗಿ ಸಾಲದ ಪತ್ರ ನೋಡಿದಾಗ ಕೈಬರಹ ಗುರುತು ಸಿಕ್ಕಿತು. ಸತ್ತವರ ಹೆಸರಿನಲ್ಲಿ ನಕಲಿ ಚಿನ್ನವಿಟ್ಟು ಸಾಲ ಎತ್ತಿದವರು ಸಂಘದ ಕಾರ್ಯದರ್ಶಿ. ನಮ್ಮ ಎದುರುಮನೆಯವರೇ. ದಿನಾ ಸಂಜೆ ನಮ್ಮ ಜಗಲಿಯ ಮೇಲೆ ಇವರ ಜೊತೆ ಕೂತು ಹರಟುತ್ತಿದ್ದವರು. ಅವ್ಯವಹಾರ ತಿಳಿಸಿದವರಿಗೆ ಬಹುಮಾನ, ಹೆಸರು ಗುಟ್ಟು ಎಂದು ಸಂಘದ ಹೊಸ ಅಧ್ಯಕ್ಷರು ಸಾರಿದ್ದರು. ಇವರಿಗೆ ಬಹುಮಾನ ಬೇಕಿರಲಿಲ್ಲ, ಅಮ್ಮನ ಹೆಸರು ಹರಾಜಿನಿಂದ ಇಳಿದರೆ ಸಾಕಿತ್ತು. ಅಧ್ಯಕ್ಷರ ಕಿವಿಯಲ್ಲಿ ಹೇಳಿ ಬಂದರು. ಕಾರ್ಯದರ್ಶಿಯ ಕೆಲಸ ಹೋಯಿತು. ಯಾರು ಹೇಳಿದರೆಂದು ತಿಳಿದರೆ ಎದುರುಮನೆಯವರ ಮುಖ ನೋಡುವುದು ಹೇಗೆಂದು ಇವರಿಗೆ ನಿದ್ದೆ ಇಲ್ಲ.

ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್. 'ಕಾರ್ಯದರ್ಶಿಯ ಅವ್ಯವಹಾರವನ್ನು ಗುಟ್ಟಾಗಿ ತಿಳಿಸಿದ ಮಹನೀಯರಿಗೆ ಅಭಿನಂದನೆಗಳು.' ನಡುವೆ ಇವರ ಫೋಟೋ, ತಲೆಗೆ ಕಂಪ್ಯೂಟರಿನಲ್ಲೇ ತೊಡಿಸಿದ ಮೈಸೂರು ಪೇಟ. ಕೆಳಗೆ ಸಾಲಾಗಿ ನಿರ್ದೇಶಕರು.

ಇವರು ಅಧ್ಯಕ್ಷರ ಮನೆಗೆ ಓಡಿದರು. ನಾನೂ ಹಿಂದೆಯೇ ಹೋದೆ.

"ಗುಟ್ಟು ಅಂದಿದ್ರಲ್ಲ ಸಾರ್?"

"ಎಸ್ರು ಎಲ್ಲಿ ಆಕ್ಸಿದ್ದೀವಿ? ಬರೀ ಫೋಟೋ ಕಣ್ರೀ."

"ಬಹುಮಾನ ಅಂದಿದ್ರಿ..." ಎಂದೆ ನಾನು.

"ಸಂಘದಲ್ಲಿ ದುಡ್ಡೆಲ್ಲೈತೆ? ಇದೇಯ ಬಹುಮಾನ."

ಅಂದಿನಿಂದ ಹಿತ್ತಲ ಬಾಗಿಲು. ಕೊನೆಗೆ ನಾನೇ ರೇಗಿದೆ. "ರೀ, ನೀವೇನು ಕದ್ದಿದ್ದೀರಾ? ಹೋಗಿ ಆ ಫ್ಲೆಕ್ಸ್ ಬಿಚ್ಚಿ ಬನ್ನಿ."

ಸಂಜೆ ಸ್ಟೂಲು ಹೊತ್ತು ಇಬ್ಬರೂ ಹೋದೆವು. ಇವರಿಗೆ ಹಗ್ಗ ಎಟುಕಲಿಲ್ಲ. ಹಿಂದಿನಿಂದ ದನಿ ಬಂತು.

"ಇಳೀರಿ ಕೆಳಕ್ಕೆ, ಬಿದ್ದುಬುಟ್ಟೀರಿ."

ಎದುರುಮನೆಯವರು! ಕೈಯಲ್ಲಿ ಕುಡುಗೋಲು. ಇವರು ಗಡಬಡಿಸಿ ಇಳಿದರು. ಅವರು ಸ್ಟೂಲು ಹತ್ತಿ ಸರಸರನೆ ಹಗ್ಗ ಕುಯ್ದರು. ಫ್ಲೆಕ್ಸ್ ಇಳಿಯಬೇಕೆಂಬ ಆಸೆ ಅವರಿಗೇ ಹೆಚ್ಚಿತ್ತು. ಮಡಿಸುತ್ತಾ ಗೊಣಗಿದರು, "ಮೊದ್ಲು ನಂಗೇ ಒಂದ್ಮಾತು ಯೋಳ್ಬೋದಿತ್ತು."

"ಯೋಳಕ್ಕೇ ಬಂದಿದ್ದೆ ಕಣ್ರೀ. ನೀವು ಟೀ ಕುಡಿಸಿ ಕಳಿಸ್ಬುಟ್ರಿ," ಎಂದರು ಇವರು.

ಅವರು ಫ್ಲೆಕ್ಸನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಟೀ ಕುಡಿಸ್ದೆ ಅಲ್ವಾ?" ಎಂದರು. ಮರುದಿನ ಸಂಜೆ ನಮ್ಮ ಜಗಲಿಗೆ ಬಂದು ಕೂತರು.